ಸಾವ್ಕಾರನಿಗೆ ಚುಚ್ಚಿದ ಸೂಜಿ

ಮಕ್ತಲ್ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ನನ್ನ ಕ್ಲಿನಿಕ್ ಇದೆ. ಅಲ್ಲಿಗೆ ಬರುವವರು ಎಮ್ಮೆ, ಕುರಿ, ಎತ್ತು ಇಟ್ಟುಕೊಂಡವರು. ತೀರಾ ಅಂದರೆ ಯಾರದೋ ಮನೆಯ ನಾಯಿ ಬರುತ್ತದೆ. ಆಷಾಢದ ಒಂದು ಮೋಡ ಕವಿದ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಿದಿರಿನ ಬುಟ್ಟಿಯೊಂದನ್ನು ನನ್ನ ಟೇಬಲ್ಲಿನ ಮೇಲಿಟ್ಟಾಗ ಒಳಗೆ ಕೋಳಿ ಇರಬಹುದು ಅಂದುಕೊಂಡೆ. ಬಟ್ಟೆ ಸರಿಸಿದರೆ ಆಮೆ. ಕಪ್ಪು ಚಿಪ್ಪಿನ ತುಂಬ ಹಳದಿ ಗೆರೆಗಳ ನಕ್ಷತ್ರ. ತಲೆ ಅರ್ಧ ಒಳಗೆ, ಅರ್ಧ ಹೊರಗೆ, ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು.

"ಇವ ಸಾವ್ಕಾರ ರೀ," ಎಂದಳು. "ಊಟ ಬಿಟ್ಟಾನ. ನೀರೂ ಮುಟ್ಟವಲ್ಲ."

ಗದ್ವಾಲದಲ್ಲಿ ಗುಡಿಯ ಪೂಜೆ ಮಾಡುವ ಆಚಾರ್ಯರೊಬ್ಬರ ಹೆಂಡತಿ ಅವಳು. ತವರು ನಾರಾಯಣಪೇಟೆ. ಆಮೆ ಅವಳ ಅಪ್ಪನ ಕಾಲದ್ದು. ಬಿಸಿಲೇರಿದ ಮೇಲೆ ಏಳುತ್ತಾನೆ, ಯಾರು ಕರೆದರೂ ಲಕ್ಷ್ಯ ಕೊಡುವುದಿಲ್ಲ, ತನಗೆ ಬೇಕಾದ್ದನ್ನು ತಿಂದು ಗೋಡೆಗೊರಗಿ ಮಲಗುತ್ತಾನೆ ಎಂದು ಅಪ್ಪನೇ ಇಟ್ಟ ಹೆಸರಂತೆ ಸಾವ್ಕಾರ. ಅಪ್ಪ ತೀರಿಕೊಂಡು ಮನೆ ಹಂಚಿಕೆಯಾದಾಗ ಅಣ್ಣಂದಿರು ನಿನಗೇನು ಬೇಕು ಅಂದದ್ದಕ್ಕೆ ಇವಳು ಈ ಆಮೆಯೊಂದನ್ನೇ ಕೇಳಿ ತಂದಿದ್ದಳು. ಗದ್ವಾಲದಲ್ಲಿ ತೋರಿಸಲು ಹೋದರೆ ಅಲ್ಲಿಯ ದನದ ಡಾಕ್ಟರು ಆಮೆಯನ್ನೆಲ್ಲ ನಾವು ನೋಡುವುದಿಲ್ಲ ಅಂದರಂತೆ. ನಾರಾಯಣಪೇಟೆಯ ಅಣ್ಣನ ಎಮ್ಮೆಗೆ ನಾನು ಹಿಂದೆ ಹೆರಿಗೆ ಮಾಡಿಸಿದ್ದೆ. ಆ ಭರವಸೆಯ ಮೇಲೆ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು.

ನನಗೂ ಆಮೆಯ ವಿಷಯ ಗೊತ್ತಿರಲಿಲ್ಲ. ಆ ಮಾತು ಹೇಳಿಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಬೆಂಚಿನ ಮೇಲೆ ಇಬ್ಬರು ಕುರಿಗಾರರು ಜಂತಿನ ಔಷಧಕ್ಕಾಗಿ ಕಾಯುತ್ತ ಕೂತಿದ್ದರು. ಅವರಲ್ಲಿ ಹಿರಿಯನಿಗೆ ಆಮೆ ಕಂಡು ಭಾರಿ ಖುಷಿಯಾಗಿತ್ತು.

"ಡಾಕ್ಟರಮ್ಮಾ, ಆಮಿಗೆ ಜ್ವರದ ಕಡ್ಡಿ ಎಲ್ಲಿ ಇಡ್ತೀರಿ? ಎಲ್ಲಾ ಕಡಿ ಬಾಗಿಲಾ ಹಾಕ್ಯಾದಲ್ಲ!"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನೀ ಬಾಯಿಗೆ ಬಾಗಿಲಾ ಹಾಕ್ಕೊಂಡು ಕುಂದ್ರು, ಆಮ್ಯಾಲ ಹೇಳ್ತೀನಿ," ಎಂದೆ. ಹಾಗೆ ಅಂದ ಮೇಲೆ ನನಗೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಆಮೆಯನ್ನು ತೂಗಿದೆ. ಬೆಲ್ಲ ತೂಗುವ ತಕ್ಕಡಿ ಎಂದು ಅಂಗಡಿಯವನು ಗೊಣಗಿದ್ದಕ್ಕೆ ಅವನದೇ ಪೇಪರನ್ನು ಕೆಳಗೆ ಹಾಸಿದೆ. ಹಿಂಗಾಲು ಹಿಡಿದು ಎಳೆದು ನೋಡಿದೆ, ಎಳೆದುಕೊಂಡಿತು, ಆದರೆ ಮನಸ್ಸಿಲ್ಲದಂತೆ. ಬಾಯಿ ಬಿಡಿಸಲು ನೋಡಿದೆ, ಬಿಡಲಿಲ್ಲ. ಚರ್ಮ ಒಣಗಿ ಮಡಿಕೆ ಬಿದ್ದಿತ್ತು, ಅಂದರೆ ಮೈಯಲ್ಲಿ ನೀರಿನಂಶವಿಲ್ಲ.

"ಏನ್ ತಿನ್ನಾಕ ಹಾಕ್ತೀರಿ?"

"ನಮ್ಮ ಮನ್ಯಾಗ ಏನ್ ಆಗ್ತದೋ ಅದು ರೀ. ನೈವೇದ್ಯ ಆದ ಮ್ಯಾಲ ಅವನ ಎಲಿಗೂ ಇಷ್ಟು ಹಾಕ್ತೀವಿ. ಅನ್ನ, ತೊವ್ವೆ, ಹಾಲು..."

"ಹಾಲು? ಅದೇನು ಬೆಕ್ಕೇನ್ರಿ ಹಾಲು ಕುಡಿಯಾಕ? ಎಲ್ಲಿ ಇಡ್ತೀರಿ ಇದನ್ನ?"

"ದೇವರ ಮನಿ ಮಗ್ಗಲ ಖೋಲ್ಯಾಗ. ಹೊರಗ ಮಳಿ ಅಂತ..."

ಕತ್ತಲ ಕೋಣೆ, ಪಕ್ಕದಲ್ಲೇ ಧೂಪದ ಹೊಗೆ, ಹೊಟ್ಟೆಗೆ ಹಾಲು ಅನ್ನ. ನಾನು ಕುರಿಗಾರರಿಗೂ ಕೇಳುವ ಹಾಗೆ ಅವಳನ್ನು ಬೈದೆ. ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಹೇಳಿದ ಅಡುಗೆಯಲ್ಲಿ ಒಂದು ಕಾಯಿಪಲ್ಲೆಯ ಹೆಸರೂ ಇಲ್ಲವಲ್ಲ, ಯಾಕೆ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಕಾಲೇಜಿನಲ್ಲಿ ಆಮೆಗಳ ಮೇಲೆ ಒಂದೇ ಒಂದು ಪಾಠ ಆಗಿತ್ತು. ಅದರಲ್ಲಿ ನೆನಪುಳಿದದ್ದು ಒಂದೇ ವಾಕ್ಯ: ಕಣ್ಣು ಊದಿ ಮುಚ್ಚಿ ಊಟ ಬಿಟ್ಟರೆ ಎ ಜೀವಸತ್ವದ ಕೊರತೆ. ಆ ವಾಕ್ಯ ನೀರಿನ ಆಮೆಗಳದ್ದು, ಸೊಪ್ಪು ಹುಲ್ಲು ತಿಂದು ಬದುಕುವ ನೆಲದ ಆಮೆಗೆ ಆ ಕೊರತೆ ಬರುವುದೇ ಅಪರೂಪ ಎಂಬುದು ನೆನಪಿನಿಂದ ಜಾರಿಹೋಗಿತ್ತು. ಫ್ರಿಜ್ಜಿನಲ್ಲಿ ಎಮ್ಮೆಗಳಿಗೆ ಕೊಡುವ ಜೀವಸತ್ವದ ಇಂಜೆಕ್ಷನ್ ಇತ್ತು. ಎಮ್ಮೆಯ ಡೋಸನ್ನು ಆಮೆಯ ತೂಕಕ್ಕೆ ಭಾಗಿಸಿದೆ. ಬಂದ ಅಳತೆ ಸಿರಿಂಜಿನಲ್ಲಿ ಕಾಣದಷ್ಟು ಚಿಕ್ಕದಾಗಿತ್ತು, ಇಷ್ಟರಿಂದ ಏನಾದೀತು ಎಂದು ಸ್ವಲ್ಪ ಹೆಚ್ಚೇ ಎಳೆದೆ. ಚುಚ್ಚಿದಾಗ ಸಾವ್ಕಾರ ತಲೆಯನ್ನು ಪೂರ್ತಿ ಒಳಗೆ ತೆಗೆದುಕೊಂಡ. ಹಿರಿಯ ಕುರಿಗಾರ "ಅಬ್ಬಬ್ಬಾ!" ಎಂದ. ನನಗೆ ಆ ಉದ್ಗಾರ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ಮಾಡಬೇಕಾದ್ದನ್ನು ಹೇಳಿಕೊಟ್ಟೆ. ದಿನಾ ಬೆಳಿಗ್ಗೆ ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಗದ್ದ ಮುಳುಗದಷ್ಟು, ಅದರಲ್ಲಿ ಅರ್ಧ ತಾಸು ಕೂಡಿಸಬೇಕು. ಬಿಸಿಲು ಬಂದಾಗಲೆಲ್ಲ ಹೊರಗೆ ಬಿಡಬೇಕು. ಹಾಲು, ಅನ್ನ, ಬೇಳೆ ಬಂದ್. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ದಾಸವಾಳದ ಎಲೆ ಹಾಕಬೇಕು.

"ಸೊಪ್ಪೇ ಹಾಕ್ಬೇಕೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಸೊಪ್ಪೇ. ಬ್ಯಾರೆ ಏನೂ ಬ್ಯಾಡ."

"ಈ ತಿಂಗಳು ನಮ್ಮ ಮನ್ಯಾಗ..." ಎಂದು ಏನೋ ಶುರು ಮಾಡಿದಳು. ನಾನಾಗಲೇ ಕುರಿಗಾರರ ಕಡೆ ತಿರುಗಿದ್ದೆ.

ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಕಾನೂನಿನ ಪ್ರಕಾರ ಅಪರಾಧ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಜೀವ ಉಳಿಯಲಿ, ಆ ಮಾತು ಆಮೇಲೆ ನಿಧಾನಕ್ಕೆ ಹೇಳೋಣ ಎಂದು ಅವತ್ತು ಸುಮ್ಮನಾದೆ. ಯೋಚನೆ ಕೆಟ್ಟದ್ದಾಗಿರಲಿಲ್ಲ.

ಕೆಲವು ದಿನಗಳಲ್ಲಿ ಅವಳ ಫೋನ್ ಬಂತು. ದನಿಯಲ್ಲೇ ನಗು ಇತ್ತು. ಸಾವ್ಕಾರ ಬೋಗುಣಿಯಲ್ಲಿ ನೀರು ಕುಡಿದನಂತೆ, ಒಂದು ಕಣ್ಣು ಬಿಟ್ಟನಂತೆ, ದಾಸವಾಳದ ಹೂವನ್ನು ಮೂಸಿ ನೋಡಿ ಅಂಚು ಕಡಿದನಂತೆ. "ನಿಮ್ಮ ಕೈಗುಣ ರೀ ಡಾಕ್ಟರಮ್ಮ," ಎಂದಳು. ಬೆಚ್ಚನೆಯ ನೀರು ಮತ್ತು ಸೊಪ್ಪಿನ ಗುಣ ಅದು. ನಾನು ಸೂಜಿಯ ಗುಣವೆಂದು ತಿಳಿದೆ. ಚಹಾದಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೆ ಕೂಡ. ಗದ್ವಾಲದವರು ಕೈಬಿಟ್ಟ ಆಮೆಯನ್ನು ಮಕ್ತಲ್‌ನಲ್ಲಿ ಡಾಕ್ಟರಮ್ಮ ಎಬ್ಬಿಸಿದಳು ಎಂದು ಚಹಾದಂಗಡಿಯವನು ಬಂದವರಿಗೆಲ್ಲ ಹೇಳತೊಡಗಿದ. ಅವಳಿಗೆ ಮತ್ತೊಮ್ಮೆ ಕರೆತನ್ನಿ, ಇನ್ನೊಂದು ಡೋಸ್ ಬಿದ್ದರೆ ಪೂರ್ತಿ ಗುಣವಾಗುತ್ತಾನೆ ಎಂದೆ. ಬಸ್ಸು ಹತ್ತಿ ಬಂದಳು. ಎರಡನೆಯ ಸೂಜಿಯನ್ನೂ ಅಷ್ಟೇ ಅಳತೆಯಲ್ಲಿ, ಅಷ್ಟೇ ಉಮೇದಿನಲ್ಲಿ ಚುಚ್ಚಿ ಕಳಿಸಿದೆ.

ಶ್ರಾವಣ ಹಿಡಿದ ಮೇಲೆ ಒಂದು ಮಧ್ಯಾಹ್ನ ಅವಳಿಂದ ವಾಟ್ಸಾಪಿನಲ್ಲಿ ಫೋಟೋಗಳು ಬಂದವು. ಆಮೆಯ ಕುತ್ತಿಗೆಯ ಚರ್ಮ ನೆನೆದ ಕಾಗದದ ಹಾಗೆ ಎದ್ದು ಜೋತಾಡುತ್ತಿತ್ತು. ಮುಂಗಾಲುಗಳ ಸಂದಿಯಲ್ಲಿ ಕೆಳಗಿನ ಕೆಂಪು ಮಾಂಸ ಕಾಣುತ್ತಿತ್ತು. ಕೊನೆಯ ಚಿತ್ರದಲ್ಲಿ ಅವಳ ಬೆರಳ ತುದಿಯಲ್ಲಿ ಚರ್ಮದ ಒಂದು ತುಣುಕು ಇತ್ತು. ಕಪಾಟಿನ ಮೇಲಿನಿಂದ ಹಳೆಯ ಪುಸ್ತಕ ಇಳಿಸಿ ಧೂಳು ಕೊಡವಿ, ತೆವಳುವ ಪ್ರಾಣಿಗಳ ಅಧ್ಯಾಯವನ್ನು ಈ ಸಲ ಮೊದಲಿನಿಂದ ಓದಿದೆ. ಎ ಜೀವಸತ್ವವನ್ನು ಸೂಜಿಯಲ್ಲಿ ಹೆಚ್ಚು ಕೊಟ್ಟರೆ ನೆಲದ ಆಮೆಯ ಚರ್ಮ ಮೊದಲು ಒಣಗುತ್ತದೆ, ಒಂದೆರಡು ವಾರದಲ್ಲಿ ಸುಲಿದು ಬರುತ್ತದೆ ಎಂದು ಬರೆದಿತ್ತು. ಪಕ್ಕದಲ್ಲಿ ಚಿತ್ರವೂ ಇತ್ತು. ನನ್ನ ಫೋನಿನಲ್ಲಿದ್ದ ಚಿತ್ರಕ್ಕೂ ಅದಕ್ಕೂ ವ್ಯತ್ಯಾಸ ಇರಲಿಲ್ಲ.

ಪುಸ್ತಕ ತೆರೆದೇ ಇತ್ತು, ಆಗ ಅವಳ ಫೋನ್ ಬಂತು. ಅಳುತ್ತಿದ್ದಳು.

"ಅತ್ತಿಯವರು ಎಲ್ಲಾ ನನ್ನ ಮ್ಯಾಲೇ ಹಾಕ್ಲಿಕ್ಹತ್ಯಾರ ರೀ. ಶಾಕವ್ರತದಾಗ ಕದ್ದು ಸೊಪ್ಪು ತಂದಿ, ಅದಕ್ಕೇ ಹಿಂಗಾಯ್ತು ಅಂತಾರ."

ನಾನು ಶೈವರ ಮನೆಯವಳು, ಅಪ್ಪ ರಾಯಚೂರಿನಿಂದ ಬಂದು ಇಲ್ಲಿ ಕಾಳಿನ ವ್ಯಾಪಾರ ಹಿಡಿದವರು. ಶ್ರಾವಣ ಸೋಮವಾರ ಬಿಟ್ಟರೆ ನಮಗೆ ಬೇರೆ ಕಟ್ಟುನಿಟ್ಟಿಲ್ಲ. ಆದರೆ ಅವಳ ಮನೆಯಲ್ಲಿ ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಆ ತಿಂಗಳು ಕಾಯಿಪಲ್ಲೆ, ಸೊಪ್ಪು ಹೊಸಿಲು ದಾಟಿ ಒಳಗೆ ಬರುವಂತಿಲ್ಲ. ಮನೆಯಲ್ಲಿ ಆದದ್ದೇ ಆಮೆಗೂ ಎಂಬುದು ಅವರ ಪದ್ಧತಿ. ದೇವರ ಅವತಾರದ ಪ್ರಾಣಿ, ಅದಕ್ಕೆ ಬೇರೆ ಎಲೆ ಹಾಕುವುದು ಹೇಗೆ? ಉಳಿದ ತಿಂಗಳುಗಳಲ್ಲಿ ಪಲ್ಲೆಯ ಸೊಪ್ಪು ತಿಂದುಕೊಂಡಿದ್ದ ಸಾವ್ಕಾರನನ್ನೂ ಆ ಮನೆಗೆ ಬಂದ ಮೊದಲ ಆಷಾಢದಲ್ಲೇ ವ್ರತಕ್ಕೆ ಕೂಡಿಸಿದ್ದರು. ಅವನು ಊಟ ಬಿಟ್ಟಿರಲಿಲ್ಲ, ಅವನ ಊಟವೇ ಮನೆ ಬಿಟ್ಟಿತ್ತು. ನಾನು ಸೊಪ್ಪು ಹಾಕು ಎಂದು ಗದರಿಸಿ ಕಳಿಸಿದ ಮೇಲೆ ಇವಳು ದಂಟಿನ ಸೊಪ್ಪನ್ನು ಕೊಡದೊಳಗೆ ಅಡಗಿಸಿ ಹಿತ್ತಲಿಗೆ ತಂದು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಆಮೆಗೆ ತಿನ್ನಿಸುತ್ತಿದ್ದಳು. ಅತ್ತೆ ಅದನ್ನು ನೋಡಿದ್ದರು. ಅದರ ಬೆನ್ನಿಗೇ ಚರ್ಮ ಸುಲಿಯಲು ಶುರುವಾಗಿತ್ತು.

"ನೀವರೆ ಹೇಳ್ರಿ ಡಾಕ್ಟರಮ್ಮ, ಸೊಪ್ಪು ತಿಂದ್ರ ಎಲ್ಲರೆ ಚರ್ಮ ಸುಲೀತದೇನ್ರಿ? ಅತ್ತಿಯವರ ಕೈಯಾಗ ಫೋನ್ ಕೊಡ್ತೀನಿ. ನೀವು ಒಂದ್ ಮಾತು ಹೇಳಿದ್ರ ಕೇಳ್ತಾರ."

ಒಂದು ಮಾತು. ಅವಳು ಕೇಳಿದ್ದು ಅಷ್ಟೇ. ಆ ಮಾತು ನನ್ನ ಮುಂದೆ ಅಚ್ಚಾಗಿ ಬಿದ್ದಿತ್ತು. ನನಗೆ ಚಹಾದಂಗಡಿ ನೆನಪಾಯಿತು, ಕುರಿಗಾರ ನೆನಪಾದ, ನಾಳೆ ಗದ್ವಾಲದವರು ಏನಂದಾರು ಎಂಬುದು ನೆನಪಾಯಿತು.

"ನೋಡ್ರಿ, ಇದು ನಕ್ಷತ್ರ ಆಮಿ," ಎಂದೆ. "ಮನ್ಯಾಗ ಇಟ್ಕೊಳ್ಳೋದ ಅಪರಾಧ ಐತಿ. ಕೇಸ್ ಆಗ್ತೈತಿ. ಇನ್ನ ಮ್ಯಾಲ ನಾ ಇದನ್ನ ಮುಟ್ಟಾಂಗಿಲ್ಲ. ಫಾರೆಸ್ಟಿನವರಿಗೆ ಒಪ್ಪಿಸಿಬಿಡ್ರಿ."

ಆ ಕಡೆ ಅಳು ನಿಂತುಹೋಯಿತು. "ಕೇಸಾ?" ಎಂದಳು. "ಹೂಂ," ಎಂದು ಫೋನ್ ಇಟ್ಟೆ. ನಾನು ಹೇಳಿದ ಪ್ರತಿ ಅಕ್ಷರವೂ ನಿಜ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಹೇಸಿಗೆಯ ಕೆಲಸವೂ ಅದೇ. ಔಷಧ ತಪ್ಪುವುದು ಯಾರಿಗಾದರೂ ಆದೀತು. ತಪ್ಪಿದ ಮೇಲೆ ಕಾನೂನಿನ ಹಿಂದೆ ಅಡಗಿ, ಆಸರೆ ಕೇಳಿ ಬಂದವಳನ್ನೇ ಅಪರಾಧಿ ಮಾಡಿದ್ದು ನಾನು.

ಮುಂದಿನ ದಿನಗಳಲ್ಲಿ ಕೆಲಸ ಮಾಡಿದೆ, ಆದರೆ ಮನಸ್ಸು ಅಲ್ಲಿರಲಿಲ್ಲ. ಒಂದು ಎತ್ತಿಗೆ ಸೂಜಿ ಹಾಕುವಾಗ ಡೋಸನ್ನು ಎರಡೆರಡು ಸಲ ಲೆಕ್ಕ ಹಾಕಿದೆ. ರೈತ "ಯಾಕ್ರೀ, ಆರಾಮ ಇಲ್ಲೇನು?" ಎಂದು ಕೇಳಿದ. ಚಹಾದಂಗಡಿಯ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಅತ್ತೆಯ ಮುಂದೆ ಅವಳು ಹೇಗೆ ನಿಂತಿರಬಹುದು ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ನನ್ನ ಮುಂದೆ ನಿಂತಿದ್ದನ್ನು ನೋಡಿದ್ದೆನಲ್ಲ.

ಕೊನೆಗೆ ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಹೈದರಾಬಾದಿನಲ್ಲಿ ಕಾಡುಪ್ರಾಣಿಗಳ ಚಿಕಿತ್ಸೆ ಮಾಡುವ ನನ್ನ ಕಾಲೇಜಿನ ಸೀನಿಯರ್‌ಗೆ ಫೋನ್ ಮಾಡಿದೆ. ಅವರು ತೆಲುಗಿನವರು, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡು "ಎಂತ ಇಚ್ಚಾವು?" ಎಂದರು, ಎಷ್ಟು ಕೊಟ್ಟೆ ಅಂತ. ಹೇಳಿದೆ. "ಎನ್ನಿ ಸಾರ್ಲು?" ಎಷ್ಟು ಸಲ? ಎರಡು ಸಲ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಅವರು ಚಿಕಿತ್ಸೆಯನ್ನು ಒಂದೊಂದಾಗಿ ಹೇಳಿದರು, ನಾನು ಕೈಗೆ ಸಿಕ್ಕ ಔಷಧದ ಡಬ್ಬಿಯ ಮೇಲೆ ಗೀಚಿಕೊಂಡೆ. ಕೊನೆಗೆ ಆಮೆ ಈಗ ಎಲ್ಲಿದೆ ಎಂದು ಕೇಳಿದರು. ಗೊತ್ತಿಲ್ಲ, ಕೇಸಾಗುತ್ತದೆ ಎಂದು ಹೇಳಿದ್ದೆ ಎಂದೆ.

"ಹಾಗೆ ಹೆದರಿಸಿದರೆ ಎಲ್ಲರೂ ಮಾಡುವುದು ಒಂದೇ," ಎಂದರು. "ನೀರಿಗೆ ಬಿಡುತ್ತಾರೆ. ಆಮೆ ಅಂದಮೇಲೆ ಈಜುತ್ತದೆ ಅಂದುಕೊಳ್ಳುತ್ತಾರೆ. ಮೊದಲು ಅವರಿಗೆ ಫೋನ್ ಮಾಡು."

ಮಾಡಿದೆ. ಎತ್ತಿದ್ದು ಅವಳ ಗಂಡ, ಆಚಾರ್ಯರು. ಆಟೋದ ಸದ್ದಿನ ನಡುವೆ ಕೂಗಿ ಹೇಳಿದರು. "ಜೂರಾಲ ಡ್ಯಾಮಿಗೆ ಹೊಂಟೀವ್ರಿ. ಕೇಸು ಗೀಸು ನಮಗ್ಯಾಕ? ವ್ರತ ಮುಗಿಯೋದ್ರಾಗ ಕೃಷ್ಣಾ ಹೊಳಿಗೆ ಬಿಟ್ಟು ಕೈ ಮುಗೀರಿ ಅಂತ ನಮ್ಮವ್ವನೂ ಅಂದಾಳ."

"ಬಿಡಬ್ಯಾಡ್ರೀ ಆಚಾರ್ರ! ಅದು ನೆಲದ ಆಮಿ, ಈಜಾಕ ಬರಾಂಗಿಲ್ಲ, ಮುಳುಗ್ತೈತಿ!" ಎಂದು ನಾನು ಅರಚುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಹತ್ತಲಿಲ್ಲ.

ಸ್ಕೂಟಿ ಹತ್ತಿದೆ. ಅಮರಚಿಂತ ದಾಟುವವರೆಗೆ ದಾರಿ ಹೇಗಿತ್ತು ಎಂಬುದೇ ನೆನಪಿಲ್ಲ. ಮೇಲಿನಿಂದ ನೀರು ಬಂದು ಜೂರಾಲದ ಗೇಟುಗಳನ್ನು ಎತ್ತಿದ್ದರು. ಭೋರ್ಗರೆತ ದೂರದಿಂದಲೇ ಕೇಳುತ್ತಿತ್ತು. ನೀರು ನೋಡಲು ಜನ ಸೇರಿದ್ದರು, ಮೀನು ಹುರಿಯುವ ಅಂಗಡಿಗಳ ಮುಂದೆ ಗದ್ದಲ. ಅಣೆಕಟ್ಟು ದಾಟಿ ಗದ್ವಾಲದ ಕಡೆಯ ದಂಡೆಗೆ ಬಂದಾಗ ಮೂವರು ಕಂಡರು. ಆಚಾರ್ಯರು ಮೊಣಕಾಲುದ್ದದ ನೀರಿನಲ್ಲಿ ನಿಂತು ಏನೋ ಮಂತ್ರ ಹೇಳುತ್ತಿದ್ದರು. ಅವರ ತಾಯಿ ಮೀನಿನ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಸೊಸೆ ಮೆಟ್ಟಿಲ ಮೇಲೆ ಬುಟ್ಟಿಯನ್ನು ಅವುಚಿಕೊಂಡು ಕೂತಿದ್ದಳು, ಕೊಡು ಎಂದು ಆಚಾರ್ಯರು ಕೈ ಚಾಚಿದ್ದರೂ ಇನ್ನೂ ಕೊಟ್ಟಿರಲಿಲ್ಲ.

ನಾನು ಮೆಟ್ಟಿಲು ಇಳಿದು ಬುಟ್ಟಿಯ ಮೇಲೆ ಕೈ ಇಟ್ಟೆ. ಅವಳು ನನ್ನನ್ನು ನೋಡಿ ಬೆಚ್ಚಿದಳು, ಕೇಸು ಮಾಡಿಸಲು ಬಂದಿದ್ದೇನೆ ಎಂದುಕೊಂಡಳಂತೆ.

"ಇದನ್ನ ನೀರಿಗೆ ಬಿಡಬ್ಯಾಡ್ರಿ," ಎಂದೆ. "ಅಮ್ಮಾರ, ನಿಮ್ಮ ಸೊಸಿ ಏನೂ ತಪ್ಪು ಮಾಡಿಲ್ಲ. ಸೊಪ್ಪಿನಿಂದ ಇದು ಬದುಕೇತಿ. ಚರ್ಮ ಸುಲಿದದ್ದು ನನ್ನ ಸೂಜಿಯಿಂದ. ಔಷಧ ತಪ್ಪು, ಡೋಸೂ ಹೆಚ್ಚು. ವ್ರತದ್ದೂ ಅಲ್ಲ, ಸೊಪ್ಪಿಂದೂ ಅಲ್ಲ. ತಪ್ಪು ನಂದು."

ಸೂಜಿಯ ಮಾತು ಹೇಳಿದೆ. ಫೋನಿನ ಮಾತು ಹೇಳಲಿಲ್ಲ.

ಆಚಾರ್ಯರು ನೀರಿನಿಂದ ಮೇಲೆ ಬಂದು ಪಂಚೆ ಹಿಂಡಿಕೊಂಡರು. ಸೊಸೆ ತಲೆ ತಗ್ಗಿಸಿಯೇ ಇದ್ದಳು. ಅತ್ತೆ ಮೂಗಿನ ಮೇಲಿನ ಸೆರಗು ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಆಕೆ ಬೈಯಲಿಲ್ಲ.

"ಅಲ್ಲವ್ವಾ," ಎಂದರು, "ಇಷ್ಟು ದಿನ ನಾ ಇಕಿಗೆ ಏನೇನು ಅಂದೀನಿ ಅನ್ನೋದು ನಿನಗ ಗೊತ್ತದ ಏನು? ಇಕಿ ಅಪ್ಪನ್ನ, ಇಕಿ ಮನಿತನಾನ, ಎಲ್ಲಾ ಅಂದೀನಿ. ಈಗ ನೀ ಬಂದು ತಪ್ಪು ನಂದು ಅಂತಿ. ನಾ ಆಡಿದ್ದು ಹೊಳ್ಳಿ ಹ್ಯಾಂಗ ತಗೊಳ್ಳಲಿ?"

ಆಮೆಯನ್ನು ಗುಣವಾಗುವವರೆಗೆ ನನ್ನ ಮನೆಯಲ್ಲಿಟ್ಟುಕೊಳ್ಳುತ್ತೇನೆ, ಅರಣ್ಯ ಇಲಾಖೆಯವರ ಜೊತೆ ನಾನೇ ಮಾತಾಡುತ್ತೇನೆ, ನಿಮಗೆ ತೊಂದರೆ ಬರದ ಹಾಗೆ ನೋಡುತ್ತೇನೆ ಎಂದೆ. ಆಚಾರ್ಯರು ತಾಯಿಯ ಮುಖ ನೋಡಿದರು. ಆಕೆ ಸೊಸೆಯ ಮುಖ ನೋಡಿದರು. ಸೊಸೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

ಮಕ್ತಲ್‌ನಲ್ಲಿ ನನ್ನ ಮನೆಯ ಹಿಂದಿನ ಕೋಣೆ ಆಮೆಯ ಆಸ್ಪತ್ರೆಯಾಯಿತು. ಮಣ್ಣು ಗಾಯಕ್ಕೆ ಅಂಟಬಾರದೆಂದು ನೆಲಕ್ಕೆ ಪೇಪರ್ ಹಾಸಿ ದಿನಾ ಬದಲಾಯಿಸಿದೆ. ಮೂಲೆಯಲ್ಲಿ ಒಂದು ಹಳೆಯ ಬಲ್ಬು ಕಟ್ಟಿ ಶಾಖ ಕೊಟ್ಟೆ, ಆ ಮೂಲೆ ಬಿಟ್ಟು ತಣ್ಣಗಿನ ಕಡೆಗೂ ಹೋಗಲು ಜಾಗ ಬಿಟ್ಟೆ. ಬೆಳಿಗ್ಗೆ ಬೆಚ್ಚಗಿನ ನೀರಲ್ಲಿ ಸ್ನಾನ, ಆಮೇಲೆ ಸತ್ತ ಚರ್ಮವನ್ನು ಉಪ್ಪುನೀರಿನ ಹತ್ತಿಯಿಂದ ನೆನೆಸಿ, ತಾನಾಗಿ ಬಂದಷ್ಟನ್ನೇ ತೆಗೆದು, ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಮುಲಾಮು ಹಚ್ಚುವುದು. ಎಳೆದು ಕೀಳಬಾರದು ಎಂದು ಸೀನಿಯರ್ ಮತ್ತೆ ಮತ್ತೆ ಹೇಳಿದ್ದರು. ಕೈ ಚುರುಕಿನ ನನಗೆ ಅದೇ ಕಷ್ಟ. ಎಮ್ಮೆಯ ಹೊಟ್ಟೆಯಿಂದ ಅಡ್ಡ ಬಿದ್ದ ಕರು ಎಳೆಯುವವಳು ಆಮೆಯ ಬೆರಳಗಲದ ಕುತ್ತಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ಬಾಯಿಂದ ತಿನ್ನುವುದು ಮತ್ತೆ ಪೂರ್ತಿ ನಿಂತಿತ್ತು. ನುಗ್ಗೆ ಸೊಪ್ಪನ್ನು ನುಣ್ಣಗೆ ರುಬ್ಬಿ, ಸೋಸಿ, ತೆಳು ನಳಿಕೆಯಿಂದ ಹೊಟ್ಟೆಗೆ ಇಳಿಸಬೇಕಿತ್ತು. ತಲೆ ಹೊರಗೆ ಬರುವವರೆಗೆ ಕಾಯುವುದು, ಬಂದಾಗ ದವಡೆಯ ಹಿಂದೆ ಎರಡು ಬೆರಳಲ್ಲಿ ಹಿಡಿಯುವುದು, ಕುತ್ತಿಗೆಯನ್ನು ನೇರ ಮಾಡುವುದು. ಆದರೆ ಕುತ್ತಿಗೆಯೇ ಗಾಯ. ಹಿಡಿದಾಗ ಅದಕ್ಕೆ ನೋಯುತ್ತಿತ್ತು, ಬಾಯಿ ಅಗಲಿಸಿ ಸದ್ದಿಲ್ಲದೆ ಉಸಿರು ಬಿಡುತ್ತಿತ್ತು. ಎಮ್ಮೆಯಾದರೆ ಒದೆಯುತ್ತದೆ, ನಾಯಿಯಾದರೆ ಕಚ್ಚುತ್ತದೆ, ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಇದು ಏನನ್ನೂ ಮಾಡಲಿಲ್ಲ. ಒಂದು ದಿನ ಹಿಂಗಾಲಿನ ಗಾಯದಲ್ಲಿ ನೊಣ ಕೂತು ಮೊಟ್ಟೆ ಇಟ್ಟದ್ದು ಕಂಡಿತು. ಕುರಿಗಳ ಗಾಯದ ಸ್ಪ್ರೇ ಹೊಡೆಯಲು ಕೈ ಹೋಯಿತು. ಹಿಂತೆಗೆದುಕೊಂಡು ಸೀನಿಯರ್‌ಗೆ ಫೋನ್ ಮಾಡಿ ಕೇಳಿದೆ. ಅದು ಆಮೆಗೆ ವಿಷ ಎಂದರು. ಚಿಮಟದಿಂದ ಒಂದೊಂದನ್ನೇ ಆರಿಸಿ ತೆಗೆದು, ಕೋಣೆಗೆ ಸೊಳ್ಳೆ ಪರದೆ ಕಟ್ಟಿದೆ. ಅವತ್ತಿನಿಂದ ಗೊತ್ತಿಲ್ಲದ್ದನ್ನು ಕೇಳುವುದು ಅಷ್ಟು ಕಷ್ಟದ ಕೆಲಸವಲ್ಲ ಎಂದು ನನಗೆ ತಿಳಿಯಿತು. ತಡವಾಗಿ ತಿಳಿಯಿತು.

ಸೊಸೆ ಆಗಾಗ ಬರುತ್ತಿದ್ದಳು. ಶಾಕವ್ರತ ಮುಗಿದು ಮೊಸರು ತಿನ್ನದ ವ್ರತದ ತಿಂಗಳು ಬಂದಿತ್ತು, ಮನೆಗೆ ಮತ್ತೆ ಸೊಪ್ಪು ಬರುತ್ತಿತ್ತು. ಬರುವಾಗಲೆಲ್ಲ ಹಿತ್ತಲಿನ ಎಲೆಗಳನ್ನು ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು. ನನ್ನ ಜೊತೆ ಮಾತು ಕಡಿಮೆ. ಪೇಪರಿನ ಮೇಲೆ ಕೂತು ಆಮೆಯ ಮುಂದೆ ಎಲೆ ಹಿಡಿದು "ತಿನ್ನೋ ಸಾವ್ಕಾರ, ಇಷ್ಟ್ಯಾಕ ಸಿಟ್ಟು?" ಎನ್ನುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ.

ಅರಣ್ಯ ಇಲಾಖೆಯವರಿಗೆ ಸೀನಿಯರ್ ಮೂಲಕ ತಿಳಿಸಿದೆ. ಮನೆಯವ‌ರು ತಾವಾಗಿ ಒಪ್ಪಿಸುತ್ತಿದ್ದಾರೆ ಎಂದು ಕೇಸಿನ ಮಾತು ಎತ್ತಲಿಲ್ಲ, ಪ್ರಯಾಣ ತಾಳಿಕೊಳ್ಳುವಷ್ಟು ಗುಣವಾದ ಮೇಲೆ ಕರೆದೊಯ್ಯುತ್ತೇವೆ ಎಂದರು. ಇದನ್ನು ಅವಳಿಗೆ ಹೇಳಿದಾಗ "ಹೂಂ ರೀ" ಎಂದಳು, ಅಷ್ಟೇ.

ಹೊಸ ಚರ್ಮ ಮೊದಲು ಮುಂಗಾಲಿಗೆ ಬಂತು, ತಿಳಿ ಹಳದಿ ಬಣ್ಣದ್ದು. ಆಮೇಲೆ ಕುತ್ತಿಗೆಗೆ. ಒಂದು ಬೆಳಿಗ್ಗೆ ಪರದೆ ಸರಿಸಿದರೆ ಅವಳು ಹಿಂದಿನ ದಿನ ಇಟ್ಟುಹೋಗಿದ್ದ ದಾಸವಾಳದ ಎಲೆಯಲ್ಲಿ ಅರ್ಧಚಂದ್ರದ ಹಾಗೆ ಕಡಿದ ಗುರುತು ಇತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವಳಿಗೆ ಫೋನ್ ಮಾಡಿ "ತಿಂದ" ಎಂದೆ. ಆ ಕಡೆಯಿಂದ ಅತ್ತೆಯ ದನಿ ಕೇಳಿಸಿತು, "ಏನಂತ? ತಿಂದನಂತ?" ಎಂದು. ಸೊಸೆ ಉತ್ತರ ಕೊಟ್ಟದ್ದು ಕೇಳಿಸಲಿಲ್ಲ. ಆಮೇಲಿನ ದಿನಗಳಲ್ಲಿ ಅವನು ಹಳೆಯ ಸಾವ್ಕಾರನೇ ಆದ. ಬಲ್ಬಿನ ಕೆಳಗೆ ತಡವಾಗಿ ಏಳುವುದು, ಎಲೆಗಳ ರಾಶಿಯ ನಡುವೆ ನಿಂತು ತನಗೆ ಬೇಕಾದ್ದನ್ನೇ ಹುಡುಕುವುದು, ನನ್ನ ಕೈ ಕಂಡರೆ ಮಾತ್ರ ತಲೆ ಒಳಗೆಳೆದುಕೊಳ್ಳುವುದು.

ಇಲಾಖೆಯವರು ಬಂದ ದಿನ ಅವಳು ಮೊದಲ ಬಸ್ಸಿಗೇ ಬಂದಿದ್ದಳು. ತನ್ನ ಕೈಯಾರೆ ಸ್ನಾನ ಮಾಡಿಸಿ, ದಂಟಿನ ಸೊಪ್ಪು ತಿನ್ನಿಸಿ, ಅವರ ಪೆಟ್ಟಿಗೆಯೊಳಗೆ ತಾನೇ ಇಟ್ಟಳು. ಇವನಂಥ ಬೇರೆ ಆಮೆಗಳಿರುವ ಕಡೆ ಬಿಡುತ್ತಾರೆ, ಹುಲ್ಲು ಬಿಸಿಲು ಎಲ್ಲ ಇರುತ್ತದೆ ಎಂದು ಬಂದ ಅಧಿಕಾರಿ ತೆಲುಗಿನಲ್ಲಿ ಸಮಾಧಾನ ಹೇಳಿದರು. "ಸರೇ ಅಂಡಿ," ಎಂದಳು. ಗಾಡಿ ಸಂದಿ ತಿರುಗುವವರೆಗೆ ನೋಡಿದಳು. ಅಳಲಿಲ್ಲ.

ನಾನು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಗದ್ವಾಲದ ಬಸ್ಸು ನಿಂತಿತ್ತು, ಡ್ರೈವರ್ ಇನ್ನೂ ಬಂದಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು. ನಮ್ಮ ಪರಿಚಯವಾದಂದಿನಿಂದ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

"ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಅಳ್ಕೋತ ಫೋನ್ ಮಾಡಿದ್ನಲ್ರಿ, ಅತ್ತಿಯವರಿಗೆ ಒಂದ್ ಮಾತು ಹೇಳ್ರಿ ಅಂತ. ಅವತ್ತು ನಿಮಗ ಗೊತ್ತಿತ್ತೇನ್ರಿ, ಸೂಜಿಯಿಂದ ಆಗ್ಯದಂತ?"

ಇಲ್ಲ ಎನ್ನಬಹುದಿತ್ತು. ಆಮೇಲೆ ತಿಳಿಯಿತು ಎನ್ನಬಹುದಿತ್ತು, ನಂಬುತ್ತಿದ್ದಳು.

"ಗೊತ್ತಿತ್ತು," ಎಂದೆ. "ಪುಸ್ತಕ ಮುಂದೇ ಇತ್ತು. ಹೆದರಿ ಹೇಳಲಿಲ್ಲ."

ಏನೋ ಲೆಕ್ಕ ಸರಿಹೋದವರ ಹಾಗೆ ಅವಳು ಹೂಂ ಎಂದು ತಲೆ ಆಡಿಸಿದಳು. ಸಿಟ್ಟು ಬರಲಿಲ್ಲ, ದನಿ ಏರಲಿಲ್ಲ.

"ಹಂಗಾರ ಅವತ್ತು ಸಂಜಿಗೆ ನಾ ಅತ್ತಿಯವರ ಕಾಲು ಹಿಡಿದು, ತಪ್ಪಾಯ್ತು, ನಾನೇ ಇವನ್ನ ಕೊಂದೆ ಅಂತ ಅಳಬೇಕಾಗಿರ್ಲಿಲ್ಲ," ಎಂದಳು.

ಡ್ರೈವರ್ ಬಂದು ಹಾರ್ನ್ ಹೊಡೆದ. ಅವಳು ಬಸ್ಸು ಹತ್ತಿ ಆ ಕಡೆಯ ಕಿಟಕಿಗೆ ಹೋಗಿ ಕೂತಳು.